ಹೊಂಬಾಳವ್ವನ ಎದೆಯ ಮೇಲಿನ ಕರಡಿ

ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ ನೂಲಾವತಿ ಎಂಬ ರಾಜ್ಯವಿತ್ತು. ಅಲ್ಲಿ ಹೊಂಬಾಳವ್ವ ಎಂಬ ಕಂಬಳಿ ನೇಯುವ ಹೆಂಗಸು ತನ್ನ ಮಗಳು ಕೆಂಪಿ, ಮಗ ಈರನೊಂದಿಗೆ ಬಾಳುತ್ತಿದ್ದಳು. ಗಂಡ ತೀರಿಕೊಂಡಿದ್ದ. ಮುದ್ದೆಯನ್ನು ಆನೆಯ ಹಾಗೆ ತಿದ್ದಿ, ಸೊಂಡಿಲು ಮುರಿದು ಉಣಿಸುವ ತಾಯಿ ಅವಳು.

ಆದರೆ ಆಗಾಗ ಅವಳ ಎದೆಯ ಮೇಲೆ ಮಂಜಿನ ಕರಡಿಯೊಂದು ಬಂದು ಕೂರುತ್ತಿತ್ತು. ಅದು ಕಾಡಿನ ಕರಡಿಯಲ್ಲ. ಕಚ್ಚದು, ಪರಚದು, ಸುಮ್ಮನೆ ಕೂರುವುದು. ಅದು ಕೂತರೆ ಕೈಕಾಲು ಏಳವು, ಅನ್ನ ಸೇರದು, ಮಕ್ಕಳ ದನಿ ಬಾವಿಯಾಳದಿಂದ ಬಂದಂತೆ ಕೇಳುವುದು. ಮಕ್ಕಳ ಮೇಲಿನ ಪ್ರೀತಿ ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ಇದನ್ನು ಈಗಲೇ ಹೇಳಿಬಿಡಬೇಕು, ಯಾಕೆಂದರೆ ಆ ರಾಜ್ಯದವರಿಗೆ ಅದು ಗೊತ್ತಿರಲಿಲ್ಲ.

ಕರಡಿ ಬಂದ ಮನೆಯ ಬಾಗಿಲಿಗೆ ಕರಿ ಕಂಬಳಿ ಇಳಿಬಿಡುವುದು ಅಲ್ಲಿನ ಪದ್ಧತಿ. ಕಂಡ ನೆರೆಯವರು ಮುಖ ತಿರುಗಿಸಿ ಹೋಗಬೇಕು, ಅದೇ ಮರ್ಯಾದೆ. ಮುಸುಕಯ್ಯನೆಂಬ ಮಾಂತ್ರಿಕನೊಬ್ಬ ಮಾತ್ರ ಒಳಗೆ ನುಗ್ಗುತ್ತಿದ್ದ. ತಾಯಿಗೆ ಮೂರು ಪರೀಕ್ಷೆ ಒಡ್ಡುತ್ತಿದ್ದ. ಅವಳು ಸೋತರೆ ಮಕ್ಕಳನ್ನು ಮೂಕ ಗಿಳಿಗಳನ್ನಾಗಿ ಮಾಡಿ ತನ್ನ ಕೋಟೆಗೆ ಒಯ್ಯುತ್ತಿದ್ದ. ಪುಕ್ಕಲು ರಾಜ ಅದಕ್ಕೆ ಒಪ್ಪಿಗೆ ಕೊಟ್ಟಿದ್ದ.

ಒಂದು ಬೆಳಿಗ್ಗೆ, ಬಾಗಿಲ ಕರಿ ಕಂಬಳಿ ಕಂಡು, ಹೊಂಬಾಳವ್ವನ ಮನೆಗೂ ಅವನು ಬಂದ.

"ಒಲೆ ಹೊತ್ತಿಸು, ನೋಡೋಣ," ಎಂದ.

ಕರಡಿಯನ್ನು ಹೊತ್ತುಕೊಂಡೇ ಅವಳು ಒಲೆಯವರೆಗೆ ತೆವಳಿದಳು. ಊದಿ ಊದಿ ಬೆಂಕಿ ಮಾಡಿದಳು. ಗಂಜಿ ತಳ ಹಿಡಿಯಿತು. ಮಕ್ಕಳು ಬೆರಳು ನೆಕ್ಕಿ ಉಂಡರು.

ಮಾರನೆಯ ದಿನ, "ಮಗಳಿಗೆ ಜಡೆ ಹಾಕು," ಎಂದ.

ಅವಳಿಗೆ ಏಳಲಾಗಲಿಲ್ಲ. ಕೆಂಪಿಯೇ ಚಾಪೆಯ ಪಕ್ಕ ಕೂತು ಬೆನ್ನು ತಿರುಗಿಸಿದಳು. ಮಲಗಿದಲ್ಲೇ ತಾಯಿ ಹೆಣೆದಳು.

"ಸೊಟ್ಟಗಿದೆ!" ಎಂದ ಮುಸುಕಯ್ಯ.

"ನಿನ್ನ ಮೂಗಿಗಿಂತ ನೆಟ್ಟಗಿದೆ," ಎಂದಳು ಕೆಂಪಿ.

ಅವನು ಉರಿದುಹೋದ. "ನಾಳೆ ಮಧ್ಯಾಹ್ನದೊಳಗೆ ಕರಡಿಯನ್ನು ಓಡಿಸು. ಅದು ಹೋಗದಿದ್ದರೆ ಮಕ್ಕಳು ನನ್ನವರು."

ಮೂರನೆಯ ದಿನ ಹೊಂಬಾಳವ್ವ ಕರಡಿಯನ್ನು ತಳ್ಳಿದಳು, ಬೈದಳು, ಬೇಡಿಕೊಂಡಳು. ಅದು ಇನ್ನಷ್ಟು ಭಾರವಾಯಿತು. ಮಕ್ಕಳು ತುದಿಗಾಲಲ್ಲಿ ಓಡಾಡುತ್ತಿದ್ದರು, ಸೀನು ಬಂದರೂ ತಡೆದುಕೊಳ್ಳುತ್ತಿದ್ದರು.

ಈರ ಹತ್ತಿರ ಬಂದು ಪಿಸುಗುಟ್ಟಿದ. "ಅವ್ವಾ, ನಾನು ಗಲಾಟೆ ಮಾಡಿದ್ದಕ್ಕೇ ಕರಡಿ ಬಂತಾ?"

ಕರಡಿಗಿಂತ ಈ ಮಾತು ಭಾರವಾಗಿತ್ತು. ಇಷ್ಟು ದಿನ ಅವಳು ಮಕ್ಕಳಿಗೆ ಏನನ್ನೂ ಹೇಳಿರಲಿಲ್ಲ, ಹೆದರಿಯಾರೆಂದು. ಹೇಳದೆ ಇದ್ದುದಕ್ಕೆ ಅವರು ತಪ್ಪು ತಮ್ಮದೆಂದುಕೊಂಡಿದ್ದರು.

"ಇಲ್ಲ ಕಂದಾ. ನೀನು ಹುಟ್ಟೋ ಮುಂಚೆಯಿಂದ ಬರ್ತಿದೆ. ನಿನ್ನಿಂದ ಬಂದಿಲ್ಲ, ನೀನು ಸುಮ್ಮನಿದ್ದರೆ ಹೋಗೋದೂ ಇಲ್ಲ. ಅವ್ವನಿಗೆ ಇದೊಂದು ಕಾಯಿಲೆ."

"ಮತ್ತೆ ಪಕ್ಕದ ಮನೆ ಸಣ್ಣಕ್ಕನಿಗೆ ಹೇಳೋಣ್ವಾ?"

ಹೊಂಬಾಳವ್ವ ಮರ್ಯಾದೆಯನ್ನು ನೆನೆದಳು, ಮಕ್ಕಳ ಮುಖ ನೋಡಿದಳು. "ಕಂಬಳಿ ಕಿತ್ತುಹಾಕಿ," ಎಂದಳು.

ಮಕ್ಕಳಿಬ್ಬರೂ ಜೋತುಬಿದ್ದು ಎಳೆದರು. ಬಿಸಿಲು ಒಳಗೆ ಬಂತು. ಹೊಂಬಾಳವ್ವ ಇದ್ದಬದ್ದ ಶಕ್ತಿ ಕೂಡಿಸಿ ಕೂಗಿದಳು. "ಸಣ್ಣಕ್ಕಾ! ನನ್ನ ಎದೆ ಮೇಲೆ ಕರಡಿ ಕೂತಿದೆ. ಬಾರವ್ವಾ!"

ಸಣ್ಣಕ್ಕ ಓಡಿಬಂದಳು. "ಅಯ್ಯೋ ತಾಯಿ, ನನ್ನ ಮನೆಗೂ ಬರ್ತಿತ್ತು ಕಣೇ, ಕಂಬಳಿ ಹಾಕದೆ ಮುಚ್ಚಿಟ್ಟಿದ್ದೆ! ಬೆಟ್ಟದ ವೈದ್ಯಮ್ಮನ ಹತ್ರ ಕಷಾಯ ಇದೆ. ಬೇವಿಗಿಂತ ಕಹಿ. ಕುಡೀಬೇಕು, ಬಿಡಬಾರದು."

ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಇಡೀ ಬೀದಿ.

ಮುಸುಕಯ್ಯ ಬಂದು ಗಿಳಿಮಂತ್ರ ಹೇಳಿದ. ಏನೂ ಆಗಲಿಲ್ಲ. ನಾಲ್ಕು ಜನ ನೋಡುತ್ತಿರುವ ಮನೆಯಲ್ಲಿ ಅವನ ಮಂತ್ರ ನಡೆಯದು. ಅಲ್ಲಿಯವರೆಗೆ ಯಾರೂ ಕಂಬಳಿ ತೆಗೆದಿರಲಿಲ್ಲ, ಹಾಗಾಗಿ ಅದು ಯಾರಿಗೂ ತಿಳಿದಿರಲಿಲ್ಲ. ಅವನು ಹೊಗೆಯಾಗಿ ಕರಗಿಹೋದ. ಕೋಟೆಯ ಗಿಳಿಗಳೆಲ್ಲ ಮಕ್ಕಳಾಗಿ, ಕಿರುಚುತ್ತಾ ತಂತಮ್ಮ ತಾಯಂದಿರ ಮಡಿಲಿಗೆ ಓಡಿದವು.

ಕರಡಿ? ಅದು ಪೂರ್ತಿ ಹೋಗಲಿಲ್ಲ. ಕಷಾಯ ಕುಡಿಯುತ್ತಾ ಹೋದಂತೆ ಮರಿಯಷ್ಟಾಯಿತು. ಕೆಲವು ದಿನ ಮತ್ತೆ ಬಲಿಯುವುದೂ ಉಂಟು. ಅಂಥ ದಿನ ಹೊಂಬಾಳವ್ವ, "ಇವತ್ತು ಕರಡಿ ಬಂದಿದೆ ಕಣ್ರೋ," ಎನ್ನುವಳು. ಸಣ್ಣಕ್ಕನ ಮನೆಯಿಂದ ಸಾರು ಬರುವುದು.

"ಹಾಗಾದ್ರೆ ಇವತ್ತು ಸ್ನಾನ ಇಲ್ಲ ಅಲ್ವಾ ಅವ್ವಾ?" ಎನ್ನುವನು ಈರ.

"ಕರಡಿ ಬಂದಿರೋದು ನನಗೆ. ಕೊಳೆ ಇರೋದು ನಿನ್ನ ಕಿವಿ ಹಿಂದೆ. ನಡಿ ಬಚ್ಚಲಿಗೆ!" ಎಂದು ಮಲಗಿದಲ್ಲಿಂದಲೇ ಗದರುವಳು ತಾಯಿ. ಅವನು ನಗುತ್ತಾ ಓಡುವನು, ಮನೆಯೆಲ್ಲ ಧಡಧಡ ಸದ್ದು ಮಾಡುತ್ತಾ.