ನಾಣ್ಯದಗಲ ತುಕ್ಕು

ಶನಿವಾರ ಬೆಳಿಗ್ಗೆ ಹಲ್ಲಿನ ಡಾಕ್ಟರು ಶೆಡ್ಡಿನ ಬಾಗಿಲು ತೆಗೆದರೆ, ತನ್ನ ಜೀಪಿನ ಕೆಳಗಿಂದ ಎರಡು ಕಾಲು ಆಚೆ ಚಾಚಿಕೊಂಡಿದ್ದವು. ಗಂಡಸಿನ ಕಾಲು. ಒಂದು ಬೂಟಿಗೆ ಕಪ್ಪು ಲೇಸು, ಇನ್ನೊಂದಕ್ಕೆ ದೋಣಿ ಕಟ್ಟುವ ಹಳದಿ ದಾರ.

"ಯಾರ್ರೀ ಅದು? ಬನ್ನಿ ಹೊರಗೆ!"

"ಒಂದ್ನಿಮಿಷ ಮೇಡಂ. ಕಣ್ಣಿಗೆ ತುಕ್ಕು ಬಿದ್ದಿದೆ."

"ಕಂಡೋರ ಗಾಡಿ ಕೆಳಗೆ ನುಗ್ಗಿದ್ರೆ ತುಕ್ಕಲ್ಲದೆ ಹೂವು ಬೀಳುತ್ತಾ?"

ಕಾಲಿನ ಹಿಂದೆ ಮೈ ಬಂತು, ಮೈಯ ಹಿಂದೆ ಮುಖ ಬಂತು. ಒಂದು ಕಣ್ಣು ಕೆಂಪಗೆ ಮುಚ್ಚಿಕೊಂಡಿತ್ತು. ಇನ್ನೊಂದು ಕಣ್ಣು ಮಾತ್ರ, ಮನೆಯೊಡತಿ ಸಿಟ್ಟಾಗಿದ್ದಾಳೆ ಎಂಬ ಪರಿವೆಯೇ ಇಲ್ಲದೆ ನಗುತ್ತಿತ್ತು. ಬೈಯುವುದನ್ನು ಆಮೇಲಕ್ಕೆ ಇಟ್ಟುಕೊಂಡು ಅವಳು ಅವನನ್ನು ಸ್ಟೂಲಿನ ಮೇಲೆ ಕೂರಿಸಿದಳು. ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಹನ್ನೊಂದು ವರ್ಷದ ಅಭ್ಯಾಸಬಲದಿಂದ ಹೇಳಿಬಿಟ್ಟಳು: "ಬಾಯಿ ತೆಗೀರಿ."

"ತುಕ್ಕು ಬಿದ್ದಿರೋದು ಕಣ್ಣಿಗೆ, ಡಾಕ್ಟ್ರೇ."

ಅವಳ ಕಿವಿ ಬಿಸಿಯಾಯಿತು. ಕಣ್ಣಿಗೆ ನೀರು ಹಾಕುವಾಗ ಅವನ ರೆಪ್ಪೆಗಳು ಅವಳ ಬೆರಳಿಗೆ ತಾಗಿದವು. ತೊಳೆದಾದ ಮೇಲೆ ಆ ಎರಡೂ ಕಣ್ಣು ತೆರೆದು ಅವಳನ್ನೇ ನೋಡಿದವು. ಬೇಕಾದದ್ದಕ್ಕಿಂತ ಒಂದು ಗಳಿಗೆ ಹೆಚ್ಚಾಗಿಯೇ ನೋಡಿದವು. ಅವಳೂ ನೋಡಿದಳು. ಸುಳ್ಳು ಯಾಕೆ, ಚೆನ್ನಾಗಿತ್ತು.

ಅಷ್ಟರಲ್ಲಿ ಆ ಪುಣ್ಯಾತ್ಮ ಬಾಯಿ ಬಿಟ್ಟ: "ಈ ಗಾಡಿ ಮಾರ್ತೀರಾ?"

ಅವಳು ನೀರಿನ ಮಗ್ಗನ್ನು ಠಣ್ಣೆಂದು ಕೆಳಗಿಟ್ಟಳು.

ಈ ಪ್ರಶ್ನೆಯ ಹಿಂದೆ ಒಂದು ಹಳೆಯ ಗಾಯವಿತ್ತು. ಎರಡು ವರ್ಷದ ಹಿಂದೆ ಒಬ್ಬ ಮೂರು ತಿಂಗಳು ಅವಳ ಹಿಂದೆ ಸುತ್ತಿದ್ದ. ಕಾಫಿ ಕುಡಿಸಿದ, ಕವನ ಕಳಿಸಿದ, ಗಟ್ಟಿಯಿದ್ದ ಹಲ್ಲಿಗೂ ನೋವೆಂದು ಕ್ಲಿನಿಕ್ಕಿಗೆ ಬಂದ. ನಾಲ್ಕನೇ ತಿಂಗಳು ಜೀಪು ನೋಡಲು ಗೆಳೆಯನನ್ನು ಕರೆತಂದ. ಅವಳು ಕೊಡಲ್ಲ ಎಂದಳು. ಅಲ್ಲಿಗೆ ಕವನವೂ ನಿಂತಿತು, ಹಲ್ಲುನೋವೂ ವಾಸಿಯಾಯಿತು. ಕಾಫಿ ಕುಡಿಸಿದ್ದು ಅವಳಿಗೆ, ಕಣ್ಣು ಹಾಕಿದ್ದು ಗಾಡಿಗೆ. ಅಂದಿನಿಂದ ಯಾವ ಗಂಡಸು ಜೀಪಿನತ್ತ ನೋಡಿದರೂ ಅವಳು ಅವನ ಮುಖವನ್ನು ನೋಡುವಳು, ಎಕ್ಸ್‌ರೇ ನೋಡಿದ ಹಾಗೆ.

ಜೀಪು ಅವಳ ಸೋದರತ್ತೆಯದು. ಅತ್ತೆ ದನದ ಡಾಕ್ಟರಾಗಿದ್ದವರು. ಕಲ್ಲುದಾರಿಯಲ್ಲಿ, ಕೆಸರಿನಲ್ಲಿ, ಹೊಳೆಯ ಮಧ್ಯದಲ್ಲಿ ಆ ಗಾಡಿ ಓಡಿಸಿ ಊರೂರಿನ ದನಕರು ಉಳಿಸಿದವರು. ಅದಕ್ಕೆ ಹೋರಿ ಎಂದು ಹೆಸರಿಟ್ಟದ್ದೂ ಅವರೇ. ಮಂಡಿ ಕೈಕೊಟ್ಟ ಮೇಲೆ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಶನಿವಾರ ಭಾನುವಾರ ಸೊಸೆ ಮಾಡುವ ರಿಪೇರಿಗೆ ಕಾಮೆಂಟರಿ ಹೇಳುತ್ತಿದ್ದರು. ಆದರೆ ಗಾಡಿಯ ಕಾಗದಪತ್ರ ಇನ್ನೂ ಅತ್ತೆಯ ಹೆಸರಿನಲ್ಲೇ ಇತ್ತು. ಅತ್ತೆ ಯಾರಿಗೆ ಹೂಂ ಅಂದರೆ ಅವರಿಗೇ ಹೋರಿ.

"ಅವನನ್ನ ಕರೆಸಿದ್ದು ನಾನೇ ಕಣೇ," ಎಂದರು ಅತ್ತೆ. "ದೋಣಿ ಕಟ್ಟೆಯಲ್ಲಿ ಬೋಟಿಗೆ ಬಣ್ಣ ಹೊಡೆಯೋನು. ಗೇಟ್ ಹತ್ರ ನಿಂತು ಹೋರೀನ ಬಾಯಿ ಬಿಟ್ಕೊಂಡು ನೋಡ್ತಿದ್ದ. ಉಪ್ಪುಗಾಳಿ ತುಕ್ಕಿನ ಬಗ್ಗೆ ಇವನಿಗಿಂತ ಯಾರಿಗೆ ಗೊತ್ತು?"

"ಬಾಯಿ ಬಿಟ್ಕೊಂಡು ನೋಡೋರನ್ನೆಲ್ಲ ಒಳಗೆ ಕರೀತೀರಾ?"

"ನೀನು ದಿನಾ ಅದನ್ನೇ ಅಲ್ವಾ ಮಾಡೋದು?"

ಹೀಗೆ ಬೋಟಿನವನು ಶನಿವಾರದ ಮನುಷ್ಯನಾದ. ಬೆಳಿಗ್ಗೆ ಬರುವನು, ಮಧ್ಯಾಹ್ನ ಹೋಗುವನು. ಕೆಲಸ ಬಲ್ಲವನೆಂಬುದರಲ್ಲಿ ಎರಡು ಮಾತಿಲ್ಲ. ಮೊದಲು ಪೈಪು ಹಿಡಿದು ಗಾಡಿಯಡಿಯ ಚೌಕಟ್ಟು, ಆ ಚಾಸಿಯ ಸಂದುಗೊಂದುಗಳಿಂದ ಹಳೆಯ ಕೆಸರೆಲ್ಲ ಇಳಿಸಿದ. ಬಾಗಿಲ ಕೆಳಗೆ ನೀರು ಹರಿದುಹೋಗುವ ತೂತುಗಳು ಮುಚ್ಚಿಹೋಗಿದ್ದವು. ಅವನ್ನು ತಂತಿಯಿಂದ ಬಿಡಿಸಿದ.

ಅವಳು ಹಲ್ಲಿನ ಹುಳುಕು ಹುಡುಕುವ ಕೊಕ್ಕೆಸೂಜಿ ತಂದು ತಗಡನ್ನು ಅಲ್ಲಲ್ಲಿ ಕುಟ್ಟಿ ನೋಡುತ್ತಿದ್ದಳು. ಗಟ್ಟಿಯಿದ್ದಲ್ಲಿ ಟಿಕ್ ಎನ್ನುತ್ತಿತ್ತು. ಕೊಳೆತಲ್ಲಿ ಸೂಜಿ ಸದ್ದಿಲ್ಲದೆ ಒಳಗೆ ಹೋಗುತ್ತಿತ್ತು.

"ಇಲ್ಲಿ ಹುಳುಕಿದೆ."

"ಕೆರೀಬೇಕು. ಬಿಳಿ ಲೋಹ ಕಾಣೋವರೆಗೂ ಕೆರೆದು, ಆಮೇಲೆ ಪ್ರೈಮರ್, ಆಮೇಲೆ ಬಣ್ಣ. ತುಕ್ಕಿನ ಮೇಲೇ ಬಣ್ಣ ಬಳಿದ್ರೆ ನೋಡೋಕೆ ಚೆಂದ, ಒಳಗೊಳಗೇ ತಿಂದು ಹಾಕುತ್ತೆ."

"ಹಲ್ಲೂ ಹಾಗೇ. ಹುಳುಕು ತೆಗೀದೆ ಸಿಮೆಂಟ್ ತುಂಬಬಾರದು."

"ಮನುಷ್ಯರೂ ಹಾಗೇನಾ ಡಾಕ್ಟ್ರೇ?"

"ಮನುಷ್ಯರನ್ನ ಇನ್ನೂ ಜಾಸ್ತಿ ಕೆರೀಬೇಕು," ಎಂದಳು ಅವಳು. ಅವನು ಜೀಪಿನ ಕೆಳಗೆ ಮಲಗಿಕೊಂಡೇ ನಕ್ಕ. ಆ ನಗು ತಗಡಿಗೆ ಬಡಿದು, ಅದರ ಮೇಲಿದ್ದ ಅವಳ ಅಂಗೈಗೆ ಬಂತು. ಅವಳು ಕೈ ತೆಗೆಯಲಿಲ್ಲ.

ಅವನು ಇಷ್ಟವಾಗುತ್ತಿದ್ದ. ಅದೇ ಭಯ. ಶುಕ್ರವಾರ ಸಂಜೆ ಕ್ಲಿನಿಕ್ಕಿನಲ್ಲಿ ಯಾರದೋ ದವಡೆ ನೋಡುತ್ತಾ ಅವಳ ಮನಸ್ಸು ಮರುದಿನದ ಹಳದಿ ದಾರದ ಬೂಟಿಗೆ ಹೋಗುತ್ತಿತ್ತು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ಅವಳು ಊದುತ್ತಲೇ ಇದ್ದಳು. ಇವನಿಗೆ ಬೇಕಾದದ್ದು ನಾನಾ, ಹೋರಿಯಾ?

ಅನುಮಾನಕ್ಕೆ ಮೇವೂ ಸಿಗುತ್ತಿತ್ತು. ಅವಳು ಚಹಾ ತಂದರೆ ಅತ್ತೆಯೂ ಅವನೂ ಮಾತು ನಿಲ್ಲಿಸುವರು. ಅವನ ಜೇಬಿನಲ್ಲೊಂದು ಚಿಕ್ಕ ಪುಸ್ತಕ. ಅದು ಒಮ್ಮೆ ಜಾರಿ ಬಿದ್ದಾಗ ಕಂಡದ್ದು ಹೋರಿಯ ಇಂಜಿನ್ ನಂಬರು. ಚಾಸಿ ನಂಬರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ರಿಪೇರಿಗೆ ಬಂದವನಿಗೆ ನಂಬರು ಯಾಕೆ? ಇನ್ನೊಂದು, ಹಿಂದಿನ ಎಡ ಚಕ್ರದ ಹತ್ತಿರ ಅವಳು ಬಗ್ಗಿದರೆ ಸಾಕು, "ಅಲ್ಲಿ ಬಿಡಿ ಡಾಕ್ಟ್ರೇ, ಅದನ್ನ ನಾನು ನೋಡ್ಕೋತೀನಿ" ಎನ್ನುವನು. ಪ್ರತಿ ವಾರವೂ ಅದೇ ಮಾತು.

ಆರನೇ ವಾರ ಅವಳಿಗೆ ತಡೆಯಲಾಗಲಿಲ್ಲ. ಕ್ಲಿನಿಕ್ಕಿನಿಂದ ಒಂದು ನೀಲಿ ಕಾಗದ ತಂದಳು. ಮೇಲಿನ ಹಲ್ಲು ಕೆಳಗಿನದಕ್ಕೆ ಎಲ್ಲಿ ತಾಗುತ್ತದೆಂದು ತಿಳಿಯಲು ರೋಗಿಗೆ ಕಚ್ಚಿಸುವ ಕಾಗದ ಅದು. ತಾಗಿದ ಕಡೆಯೆಲ್ಲ ನೀಲಿ ಅಂಟುತ್ತದೆ. ಹೋರಿಯ ಕಾಗದಪತ್ರವಿದ್ದ ತಗಡಿನ ಡಬ್ಬಿಯ ಹಿಡಿಯ ಒಳಮೈಗೆ ಅದನ್ನು ಚೆನ್ನಾಗಿ ಉಜ್ಜಿ, ಡಬ್ಬಿಯನ್ನು ಮೊದಲಿನಂತೆಯೇ ಸೀಟಿನ ಕೆಳಗಿಟ್ಟಳು. ಆಮೇಲೆ ಅಂಗಡಿಗೆ ಹೋಗಿಬರುತ್ತೇನೆಂದು ಹೇಳಿ, ಒಂದು ಗಂಟೆ ಎಲ್ಲೂ ಹೋಗದೆ ಬೀದಿಯ ಕೊನೆಯಲ್ಲಿ ನಿಂತಿದ್ದಳು. ಅವನ ಕೈ ಸ್ವಚ್ಛವಾಗಿರಲಿ ಎಂದು ಅವಳು ಬೇಡಿಕೊಂಡದ್ದು ನಿಜ.

ವಾಪಸು ಬಂದಾಗ ಅವನು ಕೈ ತುಂಬ ಗ್ರೀಸು ಬಳಿದುಕೊಂಡು ಕೂತಿದ್ದ.

"ಕೈ ತೋರಿಸಿ."

"ಗ್ರೀಸು, ಡಾಕ್ಟ್ರೇ."

"ಒರೆಸಿ ತೋರಿಸಿ. ಎರಡೂ ಕೈ."

ಅವನು ಬಟ್ಟೆಯಿಂದ ಒರೆಸಿದ. ಬಲಗೈಯ ನಾಲ್ಕು ಬೆರಳ ಮೇಲೂ ನೀಲಿ.

"ಆರು ವಾರ ನನ್ನ ಎದುರೇ ನಕ್ಕೊಂಡು ಕೂತು, ನನ್ನ ಬೆನ್ನ ಹಿಂದೆ ಅತ್ತೆ ಹತ್ರ ಗಾಡಿ ಬರೆಸ್ಕೊಳ್ತಿದ್ದೀರಾ? ನಾಚಿಕೆ ಆಗಲ್ವಾ? ಕೇಳಿದ್ರೆ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅಂತಿದ್ದೆ, ಅಷ್ಟೇ. ಇಷ್ಟೊಂದು ಒಳ್ಳೆಯವರ ಥರ ಇರೋ ಅಗತ್ಯ ಏನಿತ್ತು?"

ಅವನು ಅತ್ತೆಯ ಕಡೆ ನೋಡಿದ.

"ನನ್ನ ಕೈಯನ್ನೂ ನೋಡೇ ಡಾಕ್ಟ್ರಮ್ಮ," ಎಂದು ಅತ್ತೆ ಎರಡು ಕೈ ಎತ್ತಿದರು. ಅಂಗೈ ನೀಲಿ, ಕನ್ನಡಕದ ಅಂಚು ನೀಲಿ, ಮೂಗಿನ ತುದಿಯೂ ನೀಲಿ. "ಏನಿದು ಅಂತ ಆಗಿನಿಂದ ಉಜ್ಜುತ್ತಿದ್ದೀನಿ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ. ನಿನ್ನದು ನೀಲಿ ಕಾಮಾಲೆ."

ಅವರ ಮಡಿಲಲ್ಲಿ ಕಾಗದಗಳಿದ್ದವು. ಹೋರಿಯನ್ನು ಇನ್ನೊಬ್ಬರ ಹೆಸರಿಗೆ ಮಾಡಿಕೊಡುವ ಅರ್ಜಿ. ಕೊಡುವವರ ಜಾಗದಲ್ಲಿ ಅತ್ತೆಯ ಸಹಿ. ಪಡೆಯುವವರ ಜಾಗದಲ್ಲಿ ಅವಳದೇ ಹೆಸರು. ಮೇಲೊಂದು ತೆಳು ಕಾಗದ. ಚಾಸಿಯಲ್ಲಿ ಕೊರೆದ ನಂಬರಿನ ಮೇಲಿಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು.

"ಆ ಅಚ್ಚಿಲ್ಲದೆ ಆಫೀಸಿನವರು ಅರ್ಜಿ ಮುಟ್ಟಲ್ಲ," ಎಂದರು ಅತ್ತೆ. "ನಂಬರೇ ತುಕ್ಕಿನಲ್ಲಿ ಮುಚ್ಚಿಹೋಗಿತ್ತು. ಜಾಸ್ತಿ ಕೆರೆದ್ರೆ ನಂಬರೇ ಅಳಿಸಿಹೋಗುತ್ತೆ. ಅದಕ್ಕೇ ಮೊದಲನೇ ದಿನದಿಂದ ಇವನು ಕೆಳಗೆ ಮಲಗಿ, ವಾರಕ್ಕಿಷ್ಟಿಷ್ಟು ಎಣ್ಣೆ ಹಾಕಿ ಬಿಡಿಸಿದ. ಕೊನೇ ಎರಡು ಅಂಕಿ ಇವತ್ತು ಕಾಣಿಸ್ತು. ಅಚ್ಚು ಬರುತ್ತೋ ಇಲ್ವೋ ಗೊತ್ತಿಲ್ಲದೆ ನಿನಗೆ ಆಸೆ ಹುಟ್ಟಿಸಬಾರದು ಅಂತ ಬಾಯಿಗೆ ಬೀಗ ಹಾಕಿಸಿದ್ದು ನಾನು. ಅವನನ್ನ ಬೈಬೇಡ."

ಬೈಯುವುದು ಆಗಲೇ ಮುಗಿದಿತ್ತಲ್ಲ. ಅವಳು ಆ ಪೆನ್ಸಿಲ್ ಅಚ್ಚನ್ನೇ ನೋಡುತ್ತಾ ನಿಂತಳು. ಒಂದೊಂದು ಅಂಕಿಯೂ ಸ್ಪಷ್ಟವಾಗಿತ್ತು.

ಅವನು ಬ್ರಷ್ಷುಗಳನ್ನು ಚೀಲಕ್ಕೆ ತುಂಬುತ್ತಿದ್ದ. "ನಂಬರ್ ಸಿಕ್ತು. ಬಣ್ಣ ಆಯ್ತು. ಚಾಸಿ ಒಳಗೆ ಎಣ್ಣೆ ಹೊಡೆದಿದ್ದೀನಿ, ವರ್ಷಕ್ಕೊಂದ್ಸಲ ಹೊಡೆದ್ರೆ ಸಾಕು. ಇನ್ನು ನನ್ನ ಕೆಲಸ ಇಲ್ಲ," ಎಂದ. ಕೋಪದ ದನಿಯಲ್ಲ. ಕೋಪವಾಗಿದ್ದರೆ ಅವಳು ಜಗಳವಾಡುತ್ತಿದ್ದಳು.

ಅವನು ಕೈ ತೊಳೆಯಲು ಅಂಗಳದ ನಲ್ಲಿಗೆ ಹೋದ. ಕ್ಷಮೆ ಕೇಳಬೇಕು, ಅವಳ ಕಾಲು ಮುಂದೆ ಹೋಗುತ್ತಿಲ್ಲ. ಆದರೆ ಅನುಮಾನ ಎಂಬುದು ಹುಟ್ಟುಗುಣ, ಅಳುವಾಗಲೂ ಸುಮ್ಮನಿರುವುದಿಲ್ಲ. ನಂಬರು ಇರುವುದು ಮುಂದೆ ಬಲಗಡೆ. ಹಾಗಾದರೆ ಹಿಂದಿನ ಎಡ ಚಕ್ರದ ಹತ್ತಿರ ಇವನು ಕಾಯುತ್ತಿದ್ದದ್ದು ಏನನ್ನು?

ಅವಳು ಟಾರ್ಚು ಹಿಡಿದು ಕೆಳಗೆ ನುಸುಳಿದಳು. ಇಡೀ ಚಾಸಿ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಚಕ್ರದ ಮೇಲಿನ ತಿರುವಿನಲ್ಲಿ ಮಾತ್ರ, ನಾಣ್ಯದಗಲ, ಕಂದು ಬಣ್ಣದ ಒಂದು ಚುಕ್ಕೆ. ಕೆರೆದಿಲ್ಲ, ಪ್ರೈಮರಿಲ್ಲ. ಸೂಜಿಯಿಂದ ಕುಟ್ಟಿದಳು. ಟಿಕ್. ಒಳಗೆ ಗಟ್ಟಿ. ಬೆರಳಿಟ್ಟರೆ ಎಣ್ಣೆ, ಇವತ್ತೇ ಹಚ್ಚಿದ ಹೊಸ ಎಣ್ಣೆ. ಪಕ್ಕದಲ್ಲಿ ಸೀಮೆಸುಣ್ಣದ ಆರು ಗೀಟು, ವಾರಕ್ಕೊಂದು.

ಅವಳು ಹೊರಗೆ ಬಂದವಳೇ ನಲ್ಲಿಯ ಹತ್ತಿರ ಓಡಿದಳು. ಕೂದಲಲ್ಲಿ ಮಣ್ಣಿತ್ತು.

"ಹಿಂದಿನ ಎಡಗಡೆ ತುಕ್ಕು ಹಾಗೇ ಬಿಟ್ಟಿದ್ದೀರಿ."

ಬೋಟಿನವನ ಮುಖ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಹಾಗಾಯಿತು. "ಬೆಳೆಯೋಕೆ ಬಿಟ್ಟಿಲ್ಲ. ಪ್ರತಿ ಶನಿವಾರ ಎಣ್ಣೆ ಹಚ್ಚಿದ್ದೀನಿ. ತೆಗೀಲಿಲ್ಲ, ಅಷ್ಟೇ."

"ಯಾಕೆ?"

ಅವನು ತೊಳೆದ ಕೈಯನ್ನೇ ಮತ್ತೆ ತೊಳೆದ. "ಅದೊಂದು ಇದ್ರೆ ಕೆಲಸ ಮುಗೀಲಿಲ್ಲ ಅಂತ ಇನ್ನೊಂದು ವಾರ ಬರಬಹುದಲ್ಲ. ದೋಣಿ ಕಟ್ಟೆಯಲ್ಲಿ ಗೊತ್ತಾದ್ರೆ ಮೇಸ್ತ್ರಿ ನನ್ನ ಬ್ರಷ್ ಕಿತ್ಕೋತಾರೆ. ತುಕ್ಕು ಕಂಡೂ ಬಿಟ್ಟದ್ದು ಇದೇ ಮೊದಲು."

ಅವಳು ಉಸಿರು ಬಿಗಿಹಿಡಿದು ಕೇಳಿಯೇಬಿಟ್ಟಳು. "ಮಾರ್ತೀರಾ ಅಂತ ಕೇಳಿದ್ರಲ್ಲ. ಈಗ ಗಾಡಿ ನನ್ನದು. ನಿಮಗೇ ಮಾರ್ತೀನಿ. ತಗೋತೀರಾ?"

"ಬೇಡ."

"ಮತ್ತೆ ಆವತ್ತು?"

"ಅದು ಮನೆಯಿಂದ ರೆಡಿ ಮಾಡ್ಕೊಂಡು ಬಂದ ಮಾತು, ಡಾಕ್ಟ್ರೇ. ನೀವು ಕಣ್ಣು ತೊಳೆದ ಮೇಲೆ ಅದು ಬೇಕಾಗಿರ್ಲಿಲ್ಲ, ಆದ್ರೂ ಬಾಯಿಂದ ಬಿದ್ದುಹೋಯ್ತು. ಹೋರಿ ನನ್ನ ಅಂಗಳಕ್ಕೆ ಬಂದ್ರೆ, ಶನಿವಾರ ನಾನು ಏನ್ ನೆಪ ಹೇಳಿ ಇಲ್ಲಿಗೆ ಬರ್ಲಿ?"

ನಲ್ಲಿ ಹರಿಯುತ್ತಲೇ ಇತ್ತು. ಅವಳು ಅದನ್ನು ನಿಲ್ಲಿಸಿದಳು. ಅವನ ಒದ್ದೆ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ನೋಡಿದಳು. ನೀಲಿ ಇನ್ನೂ ಪೂರ್ತಿ ಹೋಗಿರಲಿಲ್ಲ.

"ತಪ್ಪಾಯ್ತು," ಎಂದಳು. "ನಿಮ್ಮನ್ನ ತುಂಬಾ ಕೆರೆದೆ."

"ಬಿಳಿ ಲೋಹ ಕಾಣಿಸ್ತಾ?"

"ಕಾಣಿಸ್ತು." ಅವಳು ಕೈ ಬಿಡಲಿಲ್ಲ. "ಆ ತುಕ್ಕು ಇವತ್ತೇ ತೆಗೀಬೇಕು. ಈಗಲೇ. ನಿಮ್ಮ ನೆಪಕ್ಕೆ ನನ್ನ ಗಾಡಿ ಕೊಳೆಸೋಕಾಗಲ್ಲ."

ಅವನ ಮುಖ ಬಾಡಿತು. "ತೆಗೆದು ಹೋಗ್ತೀನಿ."

"ತೆಗೆದು ಹೋಗಿ. ಮುಂದಿನ ಶನಿವಾರ ನೆಪ ಇಲ್ಲದೆ ಬನ್ನಿ."

ಅವನು ಒಂದು ಗಳಿಗೆ ಅರ್ಥವಾಗದೆ ನಿಂತ. ಅರ್ಥವಾದ ಮೇಲೆ ಕಿವಿಯವರೆಗೂ ನಕ್ಕ. ಶೆಡ್ಡಿನ ಬಾಗಿಲಿಂದ ಅತ್ತೆಯ ದನಿ ಕೇಳಿತು: "ಭಾನುವಾರಾನೂ ಬಾ ಅನ್ನೇ! ವಾರಕ್ಕೆ ಎರಡು ರಜ ಇರೋದು ಯಾಕೆ?"

ಅವನು ಚೀಲ ಬಿಚ್ಚಿ ಬ್ರಷ್ಷು ಹೊರಗೆ ತೆಗೆದ. ಅವಳು ಟಾರ್ಚು ತೆಗೆದುಕೊಂಡಳು. ಹಿಂದಿನ ಎಡ ಚಕ್ರದ ಹತ್ತಿರ ಇಬ್ಬರೂ ಒಟ್ಟಿಗೆ ಕೆಳಗೆ ನುಸುಳಿದರು. ಇಬ್ಬರಿಗೆ ಅಲ್ಲಿ ಜಾಗ ಸಾಲದು. ಆದರೆ ಆವತ್ತು ಸಾಕಾಯಿತು.