ಬೀಗವಿಲ್ಲದ ಪ್ಯಾಚ್

"ಇಲ್ಲೊಂದು ಬೀಗ ಹಾಕಿ, ಇವತ್ತೇ ಸೇರಿಸ್ತೀನಿ," ಎಂದ ಅವನು, ನಾಲ್ಕನೆಯ ಸಲ.

"ಹಾಕಲ್ಲ," ಎಂದಳು ಅವಳು, ನಾಲ್ಕನೆಯ ಸಲ.

ಗ್ರಂಥಾಲಯದ ಮೇಲಂತಸ್ತಿನ ಕೋಣೆಯಲ್ಲಿ ಮಧ್ಯಾಹ್ನದ ಬಿಸಿಲು ಇಬ್ಬರ ಲ್ಯಾಪ್‌ಟಾಪ್‌ಗಳ ನಡುವೆ ಕಾಲು ಚಾಚಿ ಕೂತಿತ್ತು. ಇಬ್ಬರೂ ದುಡಿಯುತ್ತಿದ್ದದ್ದು ನಕ್ಷೆ ಬಿಡಿಸುವ ಒಂದು ಉಚಿತ ತಂತ್ರಾಂಶಕ್ಕೆ. ಯಾರು ಬೇಕಾದರೂ ಅದಕ್ಕೆ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಬರೆದು ಕಳಿಸಬಹುದು. ಆದರೆ ಒಳಗೆ ಬಿಡುವವನು ಅವನು. ಕೋಡಿನ ತುಂಬ ಬೀಗ ಜಡಿಯುವುದರಿಂದ ತಂತ್ರಾಂಶ ಕಟ್ಟುವ ಬಳಗದಲ್ಲಿ ಅವನ ಹೆಸರೇ ಬೀಗದ ಸರದಾರ.

ತಂತ್ರಾಂಶದೊಳಗೆ ಹಲವು ಥ್ರೆಡ್‌ಗಳು, ಅಂದರೆ ಕೆಲಸದ ಎಳೆಗಳು, ಒಟ್ಟೊಟ್ಟಿಗೆ ಓಡುತ್ತವೆ. ಹಿಂದೊಮ್ಮೆ ಒಂದು ಥ್ರೆಡ್ ಇನ್ನೂ ಓದುತ್ತಿದ್ದ ಮೆಮೊರಿಯನ್ನು ಇನ್ನೊಂದು ಥ್ರೆಡ್ ಖಾಲಿ ಮಾಡಿಬಿಟ್ಟು, ಸಾವಿರಾರು ಜನರ ನಕ್ಷೆಗಳು ಕಣ್ಣೆದುರೇ ಮಾಯವಾಗಿದ್ದವು. ಅಂದಿನಿಂದ ಒಂದು ಥ್ರೆಡ್ ಕೆಲಸ ಮಾಡುವಾಗ ಮಿಕ್ಕವು ಬೀಗದಾಚೆ ಕೈಕಟ್ಟಿ ನಿಲ್ಲಬೇಕು. ಅವಳ ಪ್ಯಾಚ್‌ನಲ್ಲಿ ಪ್ರತಿ ಥ್ರೆಡ್‌ಗೂ ಅದರದೇ ಮೆಮೊರಿ. ಪಡೆದ ಥ್ರೆಡ್ಡೇ ಅದನ್ನು ಹಿಂದಿರುಗಿಸಬೇಕು, ಪಕ್ಕದ್ದನ್ನು ಮುಟ್ಟುವಂತಿಲ್ಲ. ಕಾಯುವ ಮಾತೇ ಇಲ್ಲ. ಎಂಟು ತಿಂಗಳ ಕೆಲಸ. ಈ ವರ್ಷದ ಆವೃತ್ತಿಗೆ ಸೇರಲು ಇವತ್ತು ಸಂಜೆ ಐದರ ಗಡುವು ತಪ್ಪಿದರೆ ಇನ್ನೊಂದು ವರ್ಷ ಮೂಲೆಗೆ.

"ಮೊಂಡು ಕಣ್ರೀ ನೀವು," ಎಂದ ಅವನು.

"ಹೂಂ. ಮುಂದೆ?"

"ಪರೀಕ್ಷೆ ಎಲ್ಲ ಪಾಸಾಗಿದೆ, ಒಪ್ತೀನಿ. ಆದ್ರೂ ಹೆದರಿಕೆ."

"ನಿಮ್ಮ ಹೆದರಿಕೆಗೆ ನನ್ನ ಕೋಡ್ ಯಾಕ್ರೀ ಕೈಕಟ್ಟಿ ನಿಲ್ಬೇಕು?"

ಅವನು ನಕ್ಕ. ಎಡಗೆನ್ನೆಯಲ್ಲಷ್ಟೇ ಗುಳಿ ಬಿತ್ತು. ಅವಳಿಗೆ ಆ ಗುಳಿಯ ಮೇಲೂ ಸಿಟ್ಟು ಬಂತು. ಎಂಟು ತಿಂಗಳು ಅವನು ಬರೆದ ತಕರಾರುಗಳನ್ನು ಬೈದುಕೊಳ್ಳುತ್ತಲೇ ಎರಡೆರಡು ಸಲ ಓದಿದವಳು ಅವಳು. ಎರಡನೆಯ ಸಲ ಯಾಕೆ ಓದುತ್ತಿದ್ದಳೋ, ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

"ಹೋಗ್ಲಿ," ಅವನ ದನಿ ಮೆತ್ತಗಾಯಿತು. "ನಿಮಗೋಸ್ಕರ ಸೇರಿಸಿಬಿಡ್ಲಾ?"

ಅವಳ ಮೈಯೆಲ್ಲ ಉರಿದುಹೋಯಿತು. "ನನಗೋಸ್ಕರಾನಾ? ನಾನೇನು ಭಿಕ್ಷೆ ಕೇಳಿದ್ನಾ?"

ಬರೆದವರ ಆಪ್ತರು ಪ್ಯಾಚ್ ಪರಿಶೀಲಿಸುವಂತಿಲ್ಲ ಎಂಬುದು ಬಳಗದ ನಿಯಮ. ಅವಳು ಲ್ಯಾಪ್‌ಟಾಪ್ ಎಳೆದುಕೊಂಡು, ಎಲ್ಲರೂ ಓದುವ ಪುಟದಲ್ಲಿ ಬರೆದೇಬಿಟ್ಟಳು: "ಸರದಾರರು ಇದನ್ನು ಪರಿಶೀಲಿಸಬಾರದು. ನಾನು ಅವರನ್ನು ಪ್ರೀತಿಸುತ್ತೇನೆ. ಬೇರೆಯವರು ನೋಡಿ, ತಪ್ಪಿದ್ದರೆ ಕಿತ್ತೆಸೆಯಿರಿ."

ಅವನ ಕಿವಿ ಕೆಂಪಾಯಿತು. "ಅಯ್ಯೋ, ಅಳಿಸಿ! ಮುನ್ನೂರು ಜನ ನೋಡ್ತಾರೆ!"

"ನೋಡ್ಲಿ. ಸುಳ್ಳೇನು ಬರೆದಿಲ್ವಲ್ಲ."

ಮೊದಲ ಉತ್ತರ ಬಂದದ್ದು ಬಳಗದ ಹಿರಿಯ ಪರಿಶೀಲಕಿಯಿಂದ. ನಿವೃತ್ತ ಭೌತಶಾಸ್ತ್ರದ ಮೇಡಂ, ಯಾರ ಮುಲಾಜಿಗೂ ಬೀಳದವರು. "ಒಬ್ಬರೇ ಪ್ರೀತಿಸಿದರೆ ನಿಯಮ ಅನ್ವಯಿಸಲ್ಲ. ಸರದಾರರೇ, ನೀವೇನಂತೀರಿ?"

ಇಲ್ಲ ಅಂದರೆ ಅಧಿಕಾರ ಉಳಿಯುತ್ತದೆ, ಪ್ಯಾಚ್ ಅವನ ಕೈಯಲ್ಲೇ ಇರುತ್ತದೆ. ಅವಳು ಕಿಟಕಿಯತ್ತ ಮುಖ ತಿರುಗಿಸಿದಳು.

ಕೀಲಿಮಣೆ ಸದ್ದು ಮಾಡಿತು. ಪರದೆಯಲ್ಲಿ ಅವನ ಸಾಲು: "ಅನ್ವಯಿಸುತ್ತದೆ. ನಾನು ಹಿಂದೆ ಸರಿದಿದ್ದೇನೆ."

ನಾಲ್ಕೂ ಮುಕ್ಕಾಲಿಗೆ ಮೇಡಂ ಬರೆದರು: "ಬೀಗ ಬೇಕಿಲ್ಲ. ಸೇರಿಸಿದ್ದೇನೆ."

"ಅವರು ಬೇಡ ಅಂದಿದ್ರೆ?" ಅವನು ಮೆಲ್ಲಗೆ ಕೇಳಿದ.

"ತಿದ್ದಿ ಮತ್ತೆ ಕಳಿಸ್ತಿದ್ದೆ. ನಿನ್ನನ್ನಂತೂ ಬಿಡ್ತಿರ್ಲಿಲ್ಲ," ಎಂದಳು ಅವಳು, ಮೊದಲ ಸಲ ಏಕವಚನದಲ್ಲಿ. ಯಾರ ಅಪ್ಪಣೆಗೂ ಕಾಯದೆ ಅವನ ಕೈ ಹಿಡಿದುಕೊಂಡಳು.