ಭಾನುವಾರದ ಸಹಿಗಳು

ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗಲೇ ವಿನುತಾ ಬೈಯಲು ಸಿದ್ಧಳಾಗಿದ್ದಳು. ವಿರಾಜಪೇಟೆ ಕೋರ್ಟಿನಲ್ಲಿ ಎರಡು ವರ್ಷದಿಂದ ಜೂನಿಯರ್ ಲಾಯರ್ ಆಗಿದ್ದರೂ ಸಿಟ್ಟು ನುಂಗಿಕೊಳ್ಳುವುದು ಅವಳಿಗೆ ಇನ್ನೂ ಬಂದಿರಲಿಲ್ಲ. ಹಿಂದೆಯೇ ಸಣ್ಣಿ ಬರುತ್ತಿದ್ದಳು. ಪಾಲಿಬೆಟ್ಟದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ, ಕೂಲಿಯವರ ಸಾಲುಮನೆಯಾದ ಲೈನ್‌ಮನೆಯವಳು. ಕಾಳುಮೆಣಸು ಕದ್ದಿರಬಹುದೆಂದು ಅವಳ ಗಂಡ ಮಣಿಯನ್ನು ಪೊಲೀಸರು ಕರೆದೊಯ್ದು ಎರಡು ದಿನವಾಗಿತ್ತು.

"ರೈಟರ್ ಎಲ್ಲಿ?" ಎಂದಳು ವಿನುತಾ.

ಬಾಗಿಲಲ್ಲಿದ್ದ ಪೊಲೀಸಿನವನು ಬೆಂಚಿನತ್ತ ಕೈ ತೋರಿಸಿದ. ಅಲ್ಲಿ ಖಾಕಿ ಬಣ್ಣದ ಪ್ಯಾಂಟಿನ ಯುವಕನೊಬ್ಬ ತೊಡೆಯ ಮೇಲೆ ಉದ್ದನೆಯ ಪುಸ್ತಕ ಇಟ್ಟುಕೊಂಡು ಕೂತಿದ್ದ.

"ಎರಡು ದಿನದಿಂದ ಒಬ್ಬ ಮನುಷ್ಯನನ್ನ ಇಟ್ಕೊಂಡಿದೀರ. ಬುಕ್ಕಲ್ಲಿ ಹೆಸರಿಲ್ಲ, ಮನೆಯವರಿಗೆ ತಿಳಿಸಿಲ್ಲ. ಇವಳು ಕೊಟ್ಟ ಅರ್ಜಿಗೆ ರಶೀದಿ ಕೂಡ ಇಲ್ಲ. ಕಾನೂನು ನಿಮಗೂ ಇದೆ ಅಂತ ಯಾರೂ ಹೇಳಿಲ್ವ?"

ಅವನು ಎದ್ದು ನಿಂತು ಪೂರ್ತಿ ಕೇಳಿಸಿಕೊಂಡ.

"ಇಷ್ಟು ಚೆಂದಕ್ಕೆ ಯಾರೂ ಹೇಳಿಲ್ಲ ಮೇಡಂ. ಆದ್ರೆ ನಾನು ಎಸ್ಟೇಟಿನ ರೈಟರು. ಸ್ಟೇಷನ್ ರೈಟರು ಊಟಕ್ಕೆ ಹೋಗಿದ್ದಾರೆ. ಅವರು ಬಂದಾಗ ಇದನ್ನೇ ಇನ್ನೊಮ್ಮೆ ಹೇಳ್ತೀರಾ? ನಾನೂ ಮಣಿಗಾಗಿಯೇ ಬಂದದ್ದು."

ಎರಡು ದಿನದಿಂದ ಅಳುತ್ತಿದ್ದ ಸಣ್ಣಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕುಬಿಟ್ಟಳು. ವಿನುತಾಳ ಕಿವಿ ಬಿಸಿಯಾಯಿತು. ಅವನ ತುಟಿ ಗಂಭೀರವಾಗಿತ್ತು. ಕಣ್ಣು ಮಾತ್ರ ಅವನ ಮಾತು ಕೇಳದೆ ನಗುತ್ತಿತ್ತು.

ಅವನ ಹೆಸರು ತೀರ್ಥಪ್ರಸಾದ್, ಊರು ಕರಿಕೆ. ಅವನು ತಂದಿದ್ದ ಹಾಜರಿ ಪುಸ್ತಕದಲ್ಲಿ, ಮೆಣಸು ಕಾಣೆಯಾದ ದಿನ ಮಣಿ ಬೆಳಗಿನಿಂದ ಸಂಜೆಯವರೆಗೆ ಕಾಫಿ ಹಣ್ಣು ಕೊಯ್ಯುವ ಪಿಕಿಂಗ್‌ನಲ್ಲಿದ್ದ ದಾಖಲೆಯಿತ್ತು. ಸಂಜೆ ಮಣಿಯನ್ನು ಬಿಟ್ಟರು. ಅವನು ಎರಡು ದಿನ ಸ್ಟೇಷನ್ನಿನಲ್ಲಿದ್ದನೆಂಬುದಕ್ಕೆ ಒಂದು ಗೆರೆಯೂ ಉಳಿಯಲಿಲ್ಲ. ಮನೆಗೆ ಬಂದ ಮಣಿ ಯಾರೊಂದಿಗೂ ಮಾತಾಡದಾದ.

ಆ ಮೌನವೇ ವಿನುತಾಳನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಅವಳು ಒಂದು ಮನವಿ ಬರೆದಳು. ಯಾರನ್ನೇ ಸ್ಟೇಷನ್ನಿಗೆ ಕರೆದರೂ ಹೆಸರು ಬರೆಯಬೇಕು, ಮನೆಗೆ ತಿಳಿಸಬೇಕು. ಅರ್ಜಿ ಕೊಟ್ಟವರಿಗೆ ಸೀಲು ಹಾಕಿದ ರಶೀದಿ ಸಿಗಬೇಕು. ತಿಂಗಳಿಗೊಮ್ಮೆ ಪೊಲೀಸರೇ ಲೈನ್‌ಗೆ ಬಂದು ಜನರ ಮಾತು ಕೇಳಬೇಕು.

"ಇದಕ್ಕೆ ಸಹಿ ಬೇಕಲ್ಲ," ಎಂದ ತೀರ್ಥಪ್ರಸಾದ್. "ಭಾನುವಾರ ನಂಗೆ ರಜೆ. ಬೈಕೂ ಉಂಟು."

ಹಾಗೆ ಭಾನುವಾರಗಳು ಶುರುವಾದವು. ಯಾವ ಲೈನಿನ ಹೆಂಗಸರು ಎಷ್ಟು ಹೊತ್ತಿಗೆ ನಲ್ಲಿಯ ಹತ್ತಿರ ಸಿಗುತ್ತಾರೆಂದು ಅವನಿಗೆ ಗೊತ್ತಿತ್ತು. ಒಬ್ಬರೊಡನೆ ಮಲಯಾಳ, ಇನ್ನೊಬ್ಬರೊಡನೆ ತಮಿಳು, ಸಣ್ಣಿಯೊಡನೆ ಅವಳ ಮನೆಮಾತಿನಲ್ಲೇ ಮಾತಾಡುತ್ತಿದ್ದ. ಹೆಬ್ಬೆಟ್ಟು ಒತ್ತಿದ ಅಜ್ಜಿಯರ ಬೆರಳಿನ ಇಂಕನ್ನು ಅವನು ತನ್ನ ಕರ್ಚೀಫಿನಿಂದ ಮೆಲ್ಲಗೆ ಒರೆಸುತ್ತಿದ್ದ. ಮೂರನೆಯ ಭಾನುವಾರ ಅದನ್ನು ನೋಡುತ್ತ ನಿಂತ ವಿನುತಾಳಿಗೆ ತಾನು ಹೇಳಬೇಕಿದ್ದ ಮಾತೇ ಮರೆತುಹೋಯಿತು.

"ಎಂತ ನೋಡ್ತಾ ಇದ್ದೀರಿ?"

"ಸಹಿ ಲೆಕ್ಕ ಮಾಡ್ತಿದೀನಿ."

"ಕಾಗದ ನನ್ನ ಕೈಯಲ್ಲಿ ಉಂಟಲ್ಲ."

ಅವಳು ತಟ್ಟನೆ ಕಾಫಿ ಗಿಡಗಳತ್ತ ತಿರುಗಿದಳು. ಬೆನ್ನ ಹಿಂದೆ ಅವನು ನಗುತ್ತಿರುವುದು ನೋಡದೆಯೂ ತಿಳಿಯುತ್ತಿತ್ತು.

ಮುನ್ನೂರು ಸಹಿ ದಾಟಿದ ವಾರ, ಸಣ್ಣಿ ಕೋರ್ಟಿನ ಹತ್ತಿರ ಬಂದು ಹೇಳಿದಳು: "ರೈಟರನ್ನ ಕೆಲಸದಿಂದ ತೆಗ್ದವ್ರೆ, ಅಕ್ಕ. ಸಹಿ ನಿಲ್ಸು ಇಲ್ಲ ಹೋಗು ಅಂದ್ರಂತೆ ಮ್ಯಾನೇಜರು. ಹತ್ತು ದಿನ ಆಯ್ತು."

ವಿನುತಾ ಅವನನ್ನು ಹುಡುಕಿದಾಗ ಬಸ್ ಸ್ಟ್ಯಾಂಡಿನ ಹತ್ತಿರ ಗೊಬ್ಬರದಂಗಡಿಯಲ್ಲಿ ಚೀಟಿ ಬರೆಯುತ್ತಿದ್ದ. ಹೊಸ ಕೆಲಸ.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು, ಇನ್ನು ಬರಬೇಡಿ ಅಂತಿದ್ರಿ."

"ಅನ್ನಲೇಬೇಕಿತ್ತು. ನಿಮ್ಮ ಕೆಲಸ ಹೋಯ್ತಲ್ಲ."

"ಕೆಲಸ ಸಿಕ್ಕಿತು, ನೋಡಿ." ಅವನು ಪೆನ್ನಿನ ಮುಚ್ಚಳ ಹಾಕಿದ. "ಇಂಥ ಭಾನುವಾರ ಎಲ್ಲಿ ಸಿಗ್ತದೆ?"

ಅಂಗಡಿಗೆ ಗಿರಾಕಿ ಬಂದರು. ಅವನು ಮತ್ತೆ ಚೀಟಿ ಬರೆಯತೊಡಗಿದ. ಬಸ್ಸಿನಲ್ಲಿ ಮನೆಗೆ ಹೋಗುವಾಗ ವಿನುತಾ ಆ ಮಾತನ್ನು ಮನಸ್ಸಿನಲ್ಲೇ ಮೊದಲಿನಿಂದ ಕೊನೆಯವರೆಗೆ ಎಷ್ಟು ಸಲ ಕೇಳಿಸಿಕೊಂಡಳೋ, ತನ್ನ ಸ್ಟಾಪು ದಾಟಿಹೋಗಿತ್ತು.

ಮನವಿ ಜಿಲ್ಲೆಯ ದೊಡ್ಡ ಅಧಿಕಾರಿಗಳವರೆಗೆ ಹೋಯಿತು. ಎರಡು ತಿಂಗಳಲ್ಲಿ ಮೂರೂ ಬೇಡಿಕೆಗೆ ಒಪ್ಪಿಗೆ ಬಂತು. ಮೊದಲ ಸಭೆಯಲ್ಲಿ, ಸ್ಟೇಷನ್ನಿಗೆ ಹೊಸದಾಗಿ ಬಂದಿದ್ದ ಎಸ್ಸೈ ಕಾವ್ಯಶ್ರೀ ಲೈನಿನ ಜಗಲಿಯ ಮೇಲೆ ಎಲ್ಲರ ಮಧ್ಯೆ ಚಾಪೆ ಹಾಸಿ ಕೂತರು. ಯಾರೂ ಬಾಯಿ ಬಿಡಲಿಲ್ಲ. ವಿನುತಾ ಸುತ್ತಲಿನ ಮುಖಗಳನ್ನು ನೋಡಿದಳು. ಇಷ್ಟು ದೂರ ಬಂದು ಇವತ್ತು ಎಲ್ಲರೂ ಹೆದರಿದರೆ?

ಆಗ ಮಣಿ ಎದ್ದ.

"ಎರಡು ದಿನ ನಾನು ಎಲ್ಲಿದ್ದೆ ಅಂತ ಬರೀರಿ," ಎಂದ. "ಕಳ್ಳ ಅಲ್ಲ ಅಂತಲೂ ಬರೀರಿ."

ಕಾವ್ಯಶ್ರೀ ಅವನ ಮಾತನ್ನೆಲ್ಲ ಬರೆದುಕೊಂಡರು, ಓದಿ ಹೇಳಿದರು. "ಕರ್ಕೊಂಡು ಹೋದವರ ಮೇಲೆ ವಿಚಾರಣೆ ಆಗುತ್ತೆ, ಮಣಿಯವರೇ," ಎಂದು ಸೀಲು ಹಾಕಿದ ರಶೀದಿಯನ್ನು ಎದ್ದು ನಿಂತು ಅವನ ಕೈಗೆ ಕೊಟ್ಟರು. ಮಣಿ ಅದನ್ನು ಹೆಂಡತಿಗೆ ತೋರಿಸಿದ. ಆಮೇಲೆ ಮಾತಾಡುವವರ ಸಾಲು ಅಂಗಳದವರೆಗೆ ಬೆಳೆಯಿತು.

ಸಭೆ ಮುಗಿದು ಬೆಲ್ಲದ ಕಾಫಿ ಹಂಚುವಾಗ ತೀರ್ಥಪ್ರಸಾದ್ ಒಂದು ಲೋಟ ತಂದು ಅವಳಿಗೆ ಕೊಟ್ಟ.

"ಇನ್ನು ಸಹಿ ಇಲ್ಲ. ಭಾನುವಾರಕ್ಕೆ ನಂಗೆ ಬೇರೆ ಕಾರಣ ಬೇಕು."

"ಕಾರಣ ಇಲ್ದೆ ಬರಕ್ಕಾಗಲ್ವ?"

"ಬರ್ಬಹುದಾ?"

ಅವಳು ಲೋಟದ ಹಬೆಯನ್ನೇ ನೋಡುತ್ತ ಅಂದಳು: "ನೀವು ಬರದಿದ್ರೆ ನನಗೆ ಯಾವ ವಾರವೂ ಮುಗಿಯಲ್ಲ, ತೀರ್ಥ."

ಅವನು ಒಂದು ಹೆಜ್ಜೆ ಹತ್ತಿರ ಬಂದ. ದನಿ ತೀರಾ ಮೆಲ್ಲಗಿತ್ತು. "ನಂಗೆ ನೀವು ಇಷ್ಟ, ವಿನುತಾ. ಮದುವೆ ಆಗುವಷ್ಟು. ಆದ್ರೆ ನಿಮ್ಮ ಮನೇಲಿ ಮೊಟ್ಟೆ ಕೂಡ ಒಡೆಯೋದಿಲ್ಲ. ನಮ್ಮದು ಹಂದಿ ಸಾರಿನ ಮನೆ. ನಿಮ್ಮಪ್ಪ ಒಪ್ತಾರಾ?"

ವಿನುತಾ ಲೋಟ ಜಗಲಿಯ ಮೇಲಿಟ್ಟು, ಅಲ್ಲಿಯೇ ಸೋಮವಾರಪೇಟೆಯಲ್ಲಿದ್ದ ಅಪ್ಪನಿಗೆ ಫೋನ್ ಮಾಡಿದಳು.

"ಅಪ್ಪ, ಭಾನುವಾರ ಮನೇಲಿರಿ. ಒಬ್ರನ್ನ ಕರ್ಕೊಂಡು ಬರ್ತಿದೀನಿ."

"ಯಾರನ್ನವ್ವ, ಪೊಲೀಸ್ನೋರ್ನ?" ನಂಜಪ್ಪನವರ ದನಿ ಹೊರಗೂ ಕೇಳಿಸುತ್ತಿತ್ತು.

"ಅಲ್ಲಪ್ಪ. ನಾನು ಮದುವೆ ಆಗೋರನ್ನ."

ವಿನುತಾ ಕೈ ಚಾಚಿ ತೀರ್ಥಪ್ರಸಾದನ ಬೆರಳುಗಳನ್ನು ಹಿಡಿದುಕೊಂಡಳು.

ಕೊನೆಗೆ ನಂಜಪ್ಪನವರು ಗಂಟಲು ಸರಿಮಾಡಿಕೊಂಡರು. "ಒತ್ತು ಶಾವಿಗೆ ತಿಂತಾರೇನು ಅವ್ರು? ಕೇಳವ್ವ, ನಿಮ್ಮಮ್ಮ ಅಕ್ಕಿ ನೆನೆ ಹಾಕ್ಬೇಕು."